ಮೇಷ್ಟ್ರೇ, ಕೈ ಬೀಸಿ ನಡೀರಿ

ನಮ್ಮಪ್ಪ ಹಳೇಬೀಡಿನಲ್ಲಿ ಮೇಷ್ಟ್ರಾಗಿದ್ದವರು. ಪಾರ್ಕಿನ್ಸನ್ ಕಾಯಿಲೆ ಬಂದಾಗ ಊರಿನವರ ಕಣ್ಣಿಗೆ ಬಿದ್ದದ್ದು ಕೈ ನಡುಕ. ನಮ್ಮನ್ನು ಕಂಗೆಡಿಸಿದ್ದು ಬೇರೆ: ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಏಳುತ್ತಲೇ ಇರಲಿಲ್ಲ. ವಯಸ್ಸಾಯ್ತು, ಸೋಮಾರಿತನ ಅಂದರು ನೆಂಟರು.

ಅದು ಸೋಮಾರಿತನವಲ್ಲ. ಈ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಡೋಪಮೈನ್ ಕೈಕಾಲು ಆಡುವುದಕ್ಕೆ ಬೇಕು. ಕೆಲಸಕ್ಕೆ ಇಳಿಯುವ ಉಮೇದಿಗೂ ಬೇಕು. ಹೀಗಿರುವಾಗ ‘ವ್ಯಾಯಾಮ ಮಾಡಿ’ ಎಂದು ಚೀಟಿ ಬರೆದುಕೊಟ್ಟರೆ ಸಾಲದು. ಎಬ್ಬಿಸುವವರು ಬೇಕು, ಅದೂ ಚಿಕಿತ್ಸೆಯೇ.

ನೆದರ್‌ಲೆಂಡ್ಸ್‌ನಲ್ಲಿ 130 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಒಂದು ಗುಂಪಿನವರ ಮನೆಗೇ ವ್ಯಾಯಾಮದ ಸೈಕಲ್ ಬಂತು, ಜೊತೆಗೆ ಹುರಿದುಂಬಿಸುವ ಆ್ಯಪ್, ದೂರದಿಂದಲೇ ವಿಚಾರಿಸಿಕೊಳ್ಳುವ ತರಬೇತುದಾರರು. ವಾರಕ್ಕೆ 3 ಸಲ, 30ರಿಂದ 45 ನಿಮಿಷ ತುಳಿಯಬೇಕು. ಇನ್ನೊಂದು ಗುಂಪಿಗೆ ಮೈ ಸಡಿಲಿಸುವ ವ್ಯಾಯಾಮ ಮಾತ್ರ. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. 6 ತಿಂಗಳಾದ ಮೇಲೆ, ಮಾತ್ರೆಯ ಪ್ರಭಾವವಿಲ್ಲದ ಹೊತ್ತಿನಲ್ಲಿ ಪರೀಕ್ಷಿಸಿದಾಗ, ಸೈಕಲ್ ತುಳಿದವರ ಚಲನೆ ಕುಗ್ಗಿದ್ದು ಅತಿ ಕಡಿಮೆ. ಉಳಿದವರದು ಅದಕ್ಕಿಂತ ಹೆಚ್ಚು. ಕಾಯಿಲೆ ವಾಸಿಯಾಯಿತೆಂದಲ್ಲ. ಆದರೂ ನಮ್ಮಂಥ ಮನೆಗಳಿಗೆ ಇದು ಸಣ್ಣ ಸುದ್ದಿಯಲ್ಲ.

ನಮ್ಮಲ್ಲಿ ಸೈಕಲ್ ಇಲ್ಲ. ಹಾಸನದ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ವಾಟ್ಸಾಪ್ ವಿಡಿಯೋದಲ್ಲಿ ಬರುತ್ತಾಳೆ. ಮಾತ್ರೆ ಕೆಲಸ ಮಾಡಲು ಶುರುವಾಗಿ ಮೈ ಹಗುರಾದ ಹೊತ್ತು ನೋಡಿಯೇ ಕರೆ. “ಮೇಷ್ಟ್ರೇ, ಇನ್ನೂ ದೊಡ್ಡ ಹೆಜ್ಜೆ ಹಾಕಿ, ಕೈ ಬೀಸಿ ನಡೀರಿ.” ಈ ಕಾಯಿಲೆಯವರಿಗೆ ತಾವು ಇಡುವ ಹೆಜ್ಜೆ ಚಿಕ್ಕದಾಗುತ್ತಿರುವುದು ತಿಳಿಯುವುದಿಲ್ಲ, ನೋಡಿ ಹೇಳುವವರಿರಬೇಕು. ತಿರುಗುವಾಗಲಂತೂ ಅಪ್ಪನ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಹಜಾರದಲ್ಲಿ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಲು ಅವಳೇ ಹೇಳಿದಳು. ತಾನಾಗಿ ಬರದ ಹೆಜ್ಜೆ, ಗೆರೆ ದಾಟಲು ಹೊರಟಾಗ ಬರುತ್ತದೆ! ಒಂದು, ಎರಡು ಎಂದು ತಾಳಕ್ಕೆ ಎಣಿಸಿದರೂ ಬರುತ್ತದೆ.

ಸಂಜೆ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ನಡಿಗೆ. ಗುಡಿಯ ಜಗತಿಕಟ್ಟೆ ಹತ್ತಿಸುವುದಿಲ್ಲ, ಅದರ ಮೂಲೆಗಳು ಕಾಲು ಕಟ್ಟಿಹಾಕುತ್ತವೆ. ಕೆಳಗಿನ ಸಮದಾರಿಯೇ ಸಾಕು. ಫೋನಿನಲ್ಲಿ ಬಿದ್ದ ಹೆಜ್ಜೆಗಳ ಲೆಕ್ಕವನ್ನು ಅಪ್ಪ ತಾವೇ ಅವಳಿಗೆ ಕಳಿಸುತ್ತಾರೆ.

ಅವಳು ರಜೆಯಲ್ಲಿದ್ದಾಗ ಫೋನಿನಲ್ಲಿ ವ್ಯಾಯಾಮ ನೆನಪಿಸುವ ಆ್ಯಪಿನ ಗಂಟೆ ಮಾತ್ರ ಬಡಿದುಕೊಳ್ಳುತ್ತಿತ್ತು. ಅಪ್ಪ ಅದನ್ನು ಆರಿಸಿ ಸುಮ್ಮನೆ ಕೂತರು. ಯಂತ್ರ ನೆನಪಿಸಬಹುದು, ‘ನಿನ್ನೆ ಯಾಕೆ ಮಾಡಲಿಲ್ಲ ಮೇಷ್ಟ್ರೇ’ ಎಂದು ಕೇಳಲು ಮನುಷ್ಯರೇ ಬೇಕೆಂದು ಅಂದಿನಿಂದ ನಾನು ಬಲವಾಗಿ ನಂಬಿದ್ದೇನೆ.

ವ್ಯಾಯಾಮ ಶುರು ಮಾಡುವ ಮುಂಚೆ ನರರೋಗ ತಜ್ಞರಿಗೆ ತೋರಿಸಿ. ಎದ್ದು ನಿಂತಾಗ ಬಿ.ಪಿ. ಕುಸಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ವಿಡಿಯೋದಲ್ಲಿ ಯಾರೇ ಇದ್ದರೂ ಪಕ್ಕದಲ್ಲಿ ಹಿಡಿದುಕೊಳ್ಳುವವರೊಬ್ಬರು ಇರಲೇಬೇಕು. ನಮ್ಮ ಮನೆಯಲ್ಲಿ ಅದು ಅಮ್ಮನ ಪಾಲು.