ವೆಬ್‌ಸೈಟ್‌ಗೆ ಎಷ್ಟು ದೊಡ್ಡ ಸರ್ವರ್ ಬೇಕು? ಮೊದಲು ಲೆಕ್ಕ ಹಾಕಿ

ಕಮಲಾಪುರದ ಕೆಂಪು ಬಾಳೆಗೂ ಕಲಬುರಗಿಯ ತೊಗರಿಬೇಳೆಗೂ ಜಿಐ ಮಾನ್ಯತೆ ಇದೆ. ಈ ಹೆಸರಿನ ಬಲದ ಮೇಲೆ ಗ್ರಾಹಕರಿಗೆ ನೇರವಾಗಿ ಮಾರೋಣ ಅಂತ ನಿಮ್ಮ ಗುಂಪು ವೆಬ್‌ಸೈಟ್ ಮಾಡಲು ಹೊರಟಿದೆಯಾ? ಹಾಗಾದ್ರೆ ದುಡ್ಡು ಕಟ್ಟುವ ಮೊದಲು ಇದನ್ನು ಓದ್ರಿ. ನೀರು, ಆಳ ನೋಡದೆ ಬೋರ್‌ವೆಲ್‌ಗೆ ಮೋಟಾರು ತರ್ತೀವಾ? ಸರ್ವರ್ ವಿಷಯವೂ ಅಷ್ಟೇ.

ಫೋಟೊ ಲೆಕ್ಕ

ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 4 ಎಂಬಿ ಇದೆ ಅನ್ನಿ. ಒಂದು ಪುಟಕ್ಕೆ ಅಂಥ 10 ಹಾಕಿದರೆ 40 ಎಂಬಿ. ತಿಂಗಳಿಗೆ 3,000 ಸಲ ಆ ಪುಟ ತೆರೆದರೆ 120 ಜಿಬಿ! ಅದೇ ಫೋಟೊಗಳನ್ನು ತಲಾ 150 ಕೆಬಿಗೆ ಇಳಿಸಿ ಹಾಕಿದರೆ ಬರೀ 4.5 ಜಿಬಿ. ಸರ್ವರ್ ದೊಡ್ಡದು ಮಾಡೋದಕ್ಕಿಂತ ಫೋಟೊ ಚಿಕ್ಕದು ಮಾಡೋದು ಅಗ್ಗ.

ಯಾವ ಸರ್ವರ್?

ದರ, ಫೋಟೊಗಳನ್ನು ಮೊಬೈಲಿನಿಂದ ನೀವೇ ಬದಲಿಸಲು ವರ್ಡ್‌ಪ್ರೆಸ್ ಸಾಕು. ಅದು ಉಚಿತ. ಅದನ್ನು ಇಡುವ ಜಾಗಕ್ಕೆ, ಅಂದರೆ ಹೋಸ್ಟಿಂಗ್‌ಗೆ, ಬಾಡಿಗೆ ಕಟ್ಟಬೇಕು. ಹತ್ತು-ಹದಿನೈದು ಪುಟಗಳಿದ್ದರೆ ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಿಂದ ಶುರು ಮಾಡಿ. ವಿಪಿಎಸ್ ತಗೊಂಡರೆ ಅದರ ಅಪ್‌ಡೇಟ್, ಭದ್ರತೆ ಎಲ್ಲ ನಿಮ್ಮ ತಲೆಮೇಲೆ. ನೋಡಿಕೊಳ್ಳೋರು ಇಲ್ಲದಿದ್ದರೆ ಬೇಡ. ಗ್ರಾಹಕರು ಕಲಬುರಗಿ, ಬೆಂಗಳೂರಿನವರಾದರೆ ಅಮೆರಿಕದ ಸರ್ವರ್‌ಗಿಂತ ಮುಂಬೈ ಅಥವಾ ಹೈದರಾಬಾದಿನದು ಬೇಗ ಉತ್ತರ ಕೊಡುತ್ತದೆ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ. ಎರಡನೇ ವರ್ಷದ ದರ ಕೇಳಿ.

ಕೀಲಿ ಯಾರ ಕೈಯಲ್ಲಿ?

ಎಲ್ಲಕ್ಕಿಂತ ಮುಖ್ಯ ಮಾತು ಇದು. ಡೊಮೇನ್ ಹೆಸರು ಅಂದರೆ ನಿಮ್ಮ ಹೊಲದ ಪಹಣಿ ಇದ್ದಂತೆ. ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಅದನ್ನು ನೋಂದಾಯಿಸಿದರೆ, ನಾಳೆ ಅವನು ಊರು ಬಿಟ್ಟಾಗ ನವೀಕರಣದ ಸಂದೇಶವೂ ನಿಮಗೆ ಬರೋದಿಲ್ಲ. ಅವಧಿ ಮುಗಿದ ಹೆಸರನ್ನು ಬೇರೆಯವರು ಕೊಳ್ಳಬಹುದು. ಬಾಳೆ ಪೆಟ್ಟಿಗೆ ಮೇಲೆ ಅಚ್ಚು ಹಾಕಿಸಿದ ವಿಳಾಸ ಆಮೇಲೆ ಇನ್ನೊಬ್ಬರ ಅಂಗಡಿ ತೋರಿಸುತ್ತದೆ. ಆದ್ದರಿಂದ ಡೊಮೇನ್, ಹೋಸ್ಟಿಂಗ್ ಎರಡೂ ಗುಂಪಿನ ಹೆಸರಲ್ಲಿ, ಗುಂಪಿನ ಇಮೇಲ್‌ನಲ್ಲಿ ಇರಲಿ. ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ.

ಬ್ಯಾಕಪ್

ವಾರಕ್ಕೊಮ್ಮೆ ಫೈಲ್‌ಗಳ ಜೊತೆ ಡೇಟಾಬೇಸನ್ನೂ ನಕಲು ಮಾಡಿ. ಅದೇ ಸರ್ವರ್‌ನಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಬೇರೆ ಕಡೆ ಇಡಿ. ಬೀಜದ ಮೊಳಕೆ ಪರೀಕ್ಷೆ ಮಾಡೋ ಹಾಗೆ, ಆ ನಕಲಿನಿಂದ ಸೈಟ್ ಮತ್ತೆ ಏಳುತ್ತದೋ ಇಲ್ಲವೋ ಅಂತ ಒಮ್ಮೆ ಪರೀಕ್ಷಿಸಿ.

ಸೈಟ್ ಈಗಾಗಲೇ ಇದ್ದವರು ಇವತ್ತೇ ಒಂದು ಕೆಲಸ ಮಾಡ್ರಿ: ಡೊಮೇನ್ ಯಾರ ಹೆಸರಲ್ಲಿದೆ, ಯಾವ ದಿನ ಮುಗಿಯುತ್ತದೆ ಅಂತ ನೋಡಿ, ಆ ದಿನಾಂಕವನ್ನು ಗುಂಪಿನ ಎಲ್ಲರ ಮೊಬೈಲಿನಲ್ಲೂ ಬರೆದಿಡಿ.