‘ಫ್ರಮ್’ ಯಾವ ಕಡೆಗೆ ಸೇರಿದ್ದು? – ಗಣಿತದ ತರಗತಿಯಲ್ಲಿ ಇಂಗ್ಲಿಷ್ ಪ್ರಿಪೊಸಿಷನ್

ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಷಿಪ್‌ಗೆ ನನಗೆ ಸಿಕ್ಕಿದ್ದು ಪೀಣ್ಯದ ಒಂದು ಸರ್ಕಾರಿ ಶಾಲೆಯ ಏಳನೇ ತರಗತಿ, ಇಂಗ್ಲಿಷ್ ಮಾಧ್ಯಮ ವಿಭಾಗ. 2019–20ರಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ಆರಂಭಿಸಿದ ಮೇಲೆ ಇಂಥ ತರಗತಿಗಳು ನಮ್ಮಂಥ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಹೆಚ್ಚಾಗಿ ಬರುತ್ತಿವೆ. ಮಕ್ಕಳ ತಂದೆ-ತಾಯಿ ಲೇತ್ ಶಾಪ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು. ಹೆಚ್ಚಿನವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು. ಕೆಲವರ ಮನೆಮಾತು ತೆಲುಗು, ಕೆಲವರದು ಉರ್ದು. ಇಂಗ್ಲಿಷ್ ಯಾರ ಮನೆಯಲ್ಲೂ ಇಲ್ಲ.

ನಾನು ಗಣಿತದ ಪ್ರಶಿಕ್ಷಣಾರ್ಥಿ. ಪ್ರಿಪೊಸಿಷನ್ ಇಂಗ್ಲಿಷ್ ಶಿಕ್ಷಕರ ಕೆಲಸ ಎಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಾಗಲು ಕಾರಣವಾದ ಒಂದು ತಪ್ಪನ್ನು ಇಲ್ಲಿ ವಿವರಿಸುತ್ತೇನೆ. ತಪ್ಪು ಮಾಡಿದ್ದು ಮಗುವಲ್ಲ, ನಾನು.

ಕೆಂಪು ಶಾಯಿಯ ಒಂದು ಪದ

ಪೂರ್ಣಾಂಕಗಳ ಘಟಕ ಮುಗಿಸಿ ಕಿರುಪರೀಕ್ಷೆ ಕೊಟ್ಟಿದ್ದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೂಡುವ, ಗುಣಿಸುವ, ಭಾಗಿಸುವ ಲೆಕ್ಕಗಳನ್ನೆಲ್ಲ ಸರಿಯಾಗಿ ಮಾಡಿದ್ದಳು. ಆದರೆ ‘ಸಬ್‌ಟ್ರ್ಯಾಕ್ಟ್ 5 ಫ್ರಮ್ 8’ ಎಂಬುದಕ್ಕೆ −3 ಎಂದೂ ‘ಸಬ್‌ಟ್ರ್ಯಾಕ್ಟ್ 4 ಫ್ರಮ್ −6’ ಎಂಬುದಕ್ಕೆ 10 ಎಂದೂ ಬರೆದಿದ್ದಳು. ಅಂಥ ಲೆಕ್ಕಗಳೆಲ್ಲವೂ ತಪ್ಪು. ನಾನು ಪುಟದ ಬದಿಯಲ್ಲಿ ಕೆಂಪು ಶಾಯಿಯಿಂದ ‘ಅಜಾಗರೂಕತೆ’ ಎಂದು ಬರೆದೆ. ಮರುದಿನದಿಂದ ಅವಳು ಕೈ ಎತ್ತುವುದನ್ನು ನಿಲ್ಲಿಸಿದಳು.

ನನ್ನ ಮಾರ್ಗದರ್ಶಕ ಶಿಕ್ಷಕಿ ಪುಸ್ತಕ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ನಾಲ್ಕರಲ್ಲಿ −6 ಕಳೆದರೆ ಎಷ್ಟಮ್ಮ?” ಹತ್ತು ಎಂದೆ. “ಹಾಗಾದ್ರೆ ಅವಳ ಲೆಕ್ಕ ಸರಿಯಾಗೇ ಇದೆಯಲ್ಲ. ಋಣ ಸಂಖ್ಯೆಯನ್ನ ಕಳೆಯೋದು ಕಷ್ಟದ ಕೆಲಸ, ಅದನ್ನೇ ಮಾಡಿದ್ದಾಳೆ. ಅಜಾಗರೂಕಳು ಹೇಗಾಗ್ತಾಳೆ?”

ಊಟದ ಬಿಡುವಿನಲ್ಲಿ ಹುಡುಗಿಯನ್ನು ಕರೆದು, ವಾಕ್ಯವನ್ನು ಕನ್ನಡದಲ್ಲಿ ಹೇಳಲು ಕೇಳಿದೆ. ಅವಳು ತಡವರಿಸದೆ ಹೇಳಿದಳು: “ಐದರಿಂದ ಎಂಟು ಕಳೀಬೇಕು, ಮಿಸ್.” ಗಣಿತ ಅವಳಿಗೆ ಬರುತ್ತಿತ್ತು. ‘ಫ್ರಮ್’ ಎಂದರೆ ‘ಇಂದ’ ಎಂಬ ಅರ್ಥವೂ ಗೊತ್ತಿತ್ತು. ಅದು ಯಾವ ಸಂಖ್ಯೆಗೆ ಸೇರಿದ್ದು ಎಂಬುದಷ್ಟೇ ತಪ್ಪಿತ್ತು.

ಬಾಲ ಮತ್ತು ತಲೆ

ಕನ್ನಡದಲ್ಲಿ ಸಂಬಂಧ ಸೂಚಿಸುವ ಭಾಗ ನಾಮಪದದ ನಂತರ ಬರುತ್ತದೆ: ಎಂಟರಿಂದ, ಶಾಲೆಗೆ, ಡಬ್ಬಿಯಲ್ಲಿ. ಇವು ವಿಭಕ್ತಿ ಪ್ರತ್ಯಯಗಳು. ಮೇಲೆ, ಕೆಳಗೆ, ಒಳಗೆ, ಜೊತೆ ಎಂಬ ಪದಗಳೂ ಹಾಗೆಯೇ: ಬೆಂಚಿನ ಮೇಲೆ, ಅಮ್ಮನ ಜೊತೆ. ತೆಲುಗಿನ ‘ನುಂಚಿ’, ಉರ್ದುವಿನ ‘ಸೆ’ ಕೂಡ ನಾಮಪದದ ಹಿಂದೆಯೇ ನಿಲ್ಲುತ್ತವೆ. ನಮ್ಮ ತರಗತಿಯ ಯಾವ ಮನೆಮಾತನ್ನು ತೆಗೆದುಕೊಂಡರೂ ಸಂಬಂಧದ ಗುರುತು ಪದದ ಬಾಲ.

ಇಂಗ್ಲಿಷಿನಲ್ಲಿ ಅದು ತಲೆ. ‘ಪ್ರಿ’ ಎಂದರೆ ಮುಂಚೆ. ‘ಫ್ರಮ್ 8’ ಎಂಬುದು ಒಂದು ಘಟಕ. ಬಾಲಕ್ಕೆ ಒಗ್ಗಿದ ಕಿವಿ ‘5 ಫ್ರಮ್’ ಎಂದು ಕೇಳಿಸಿಕೊಂಡ ಕೂಡಲೇ ಅದನ್ನು ‘5ರಿಂದ’ ಎಂದು ಜೋಡಿಸಿಬಿಡುತ್ತದೆ. ಹುಡುಗಿ ಮಾಡಿದ್ದು ಇದನ್ನೇ. ತನ್ನ ಭಾಷೆಯ ನಿಯಮವನ್ನು ಅವಳು ತಪ್ಪದೆ ಪಾಲಿಸಿದ್ದಳು.

ಇಲ್ಲಿ ಒಂದು ಸಂದೇಹ ಸಹಜ. ಬರೆದ ಕ್ರಮದಲ್ಲೇ, ಎಡದಿಂದ ಬಲಕ್ಕೆ, ಸಂಖ್ಯೆಗಳನ್ನು ಎತ್ತಿಕೊಂಡರೂ ಇದೇ ತಪ್ಪು ಬರುತ್ತದೆ. ಇಂಗ್ಲಿಷ್ ಮನೆಮಾತಿನ ಮಗುವೂ ಹಾಗೆ ಎಡವಬಹುದು. ಆದ್ದರಿಂದ ಉತ್ತರ ನೋಡಿ ಮಾತ್ರ ತೀರ್ಮಾನಿಸುವಂತಿಲ್ಲ. ಮಗುವಿನ ಬಾಯಿಂದ ವಾಕ್ಯವನ್ನು ಮನೆಮಾತಿನಲ್ಲಿ ಹೇಳಿಸಬೇಕು. ತಪ್ಪು ಮಾಡಿದ ಇತರ ಮಕ್ಕಳಿಂದಲೂ ಹೇಳಿಸಿದೆ. ಕೆಲವರು ‘ಗೊತ್ತಿಲ್ಲ’ ಎಂದರು. ಹೆಚ್ಚಿನವರು ‘ಐದರಿಂದ’ ಎಂದರು.

ಇಷ್ಟು ದಿನ ಕಾಣಲಿಲ್ಲ ಏಕೆ?

ಒಂದನೇ ತರಗತಿಯಿಂದ ಇಂಗ್ಲಿಷಿನಲ್ಲಿ ಓದಿದ ಮಗುವಿನ ಈ ತಪ್ಪು ಏಳನೆಯದರವರೆಗೆ ಅಡಗಿದ್ದು ಹೇಗೆ? ಮೂರು ಕಾರಣ ಕಾಣುತ್ತವೆ.

ಮೊದಲನೆಯದು, ದಿನಬಳಕೆಯ ವಾಕ್ಯಗಳಲ್ಲಿ ಲೋಕಜ್ಞಾನ ನಮ್ಮನ್ನು ಕಾಪಾಡುತ್ತದೆ. ‘ಟೇಕ್ ದ ಚಾಕ್ ಫ್ರಮ್ ದ ಬಾಕ್ಸ್’ ಎಂದಾಗ ಚಾಕ್‌ಪೀಸಿನಿಂದ ಡಬ್ಬಿ ತೆಗೆಯಲು ಯಾರೂ ಹೋಗುವುದಿಲ್ಲ. ಆದರೆ ಸಂಖ್ಯೆಗಳಲ್ಲಿ ಆ ಆಸರೆ ಇಲ್ಲ. ಎಂಟರಿಂದ ಐದನ್ನೂ ಕಳೆಯಬಹುದು, ಐದರಿಂದ ಎಂಟನ್ನೂ ಕಳೆಯಬಹುದು.

ಎರಡನೆಯದು, ಕೆಲವು ಲೆಕ್ಕಗಳಲ್ಲಿ ತಪ್ಪಾಗಿ ಜೋಡಿಸಿದರೂ ಉತ್ತರ ಸರಿ ಬರುತ್ತದೆ. ‘ಆಡ್ 5 ಟು 8’ ಎಂಬುದನ್ನು ಐದಕ್ಕೆ ಎಂಟು ಕೂಡು ಎಂದು ಅರ್ಥಮಾಡಿಕೊಂಡರೂ ಮೊತ್ತ 13. ‘ಡಿವೈಡ್ 12 ಬೈ 3’ ಎಂಬಲ್ಲಿ ಎಡದಿಂದ ಬಲಕ್ಕೆ ಬರೆದರೇ ಸಾಕು. ‘ಫ್ರಮ್’ ಇರುವಲ್ಲಿ ಮಾತ್ರ ತಪ್ಪು ಹೊರಬೀಳುತ್ತದೆ.

ಮೂರನೆಯದು, ಚಿಕ್ಕ ತರಗತಿಗಳಲ್ಲಿ ಋಣ ಸಂಖ್ಯೆ ಇರುವುದಿಲ್ಲ. ಐದರಲ್ಲಿ ಎಂಟು ಹೋಗುವುದಿಲ್ಲ ಎಂದು ಮಗು ತಾನೇ ತಿರುಗಿಸಿಕೊಂಡು 8 − 5 ಮಾಡುತ್ತದೆ. ಪೂರ್ಣಾಂಕ ಕಲಿತ ದಿನ ಆ ತಡೆಯೂ ಹೋಗುತ್ತದೆ.

‘ಇಂದ’ ಒಂದು, ಇಂಗ್ಲಿಷಿನಲ್ಲಿ ಹಲವು

ಸ್ಥಾನದ ಸಮಸ್ಯೆಯ ಜೊತೆಗೆ ಅರ್ಥದ ಸಮಸ್ಯೆಯೂ ಇದೆ. ನಮ್ಮ ಶಾಲಾ ವ್ಯಾಕರಣದಲ್ಲಿ ತೃತೀಯಾ ವಿಭಕ್ತಿಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಪಟ್ಟಿ ಕೊಡುತ್ತೇವೆ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹಳಗನ್ನಡದ ಪಂಚಮಿಗೆ ‘ಅತ್ತಣಿಂ’ ಎಂಬ ಬೇರೆ ರೂಪ ಹೇಳುತ್ತಾನೆ. ಇಂದಿನ ಮಾತಿನಲ್ಲಿ ಎರಡೂ ಕೆಲಸವನ್ನು ‘ಇಂದ’ವೇ ಮಾಡುತ್ತದೆ. ಹಾಗಾಗಿ:

– ಎಂಟರಿಂದ ಐದು ಕಳೆ: ಫ್ರಮ್
– ಹನ್ನೆರಡನ್ನು ಮೂರರಿಂದ ಭಾಗಿಸು: ಬೈ
– ಚಾಕುವಿನಿಂದ ಕತ್ತರಿಸು: ವಿತ್
– ಸೋಮವಾರದಿಂದ ಬಂದಿಲ್ಲ: ಸಿನ್ಸ್
– ಎರಡು ದಿನದಿಂದ ಜ್ವರ: ಫಾರ್

‘ಅಲ್ಲಿ’ ಕೂಡ ಹೀಗೆಯೇ. ಡಬ್ಬಿಯಲ್ಲಿ ಎಂದರೆ ಇನ್, ಬಸ್ಸಿನಲ್ಲಿ ಎಂದರೆ ಆನ್, ಬಾಗಿಲಲ್ಲಿ ಎಂದರೆ ಅಟ್. ‘ಗೆ’ಯ ಕಥೆ ಇನ್ನೂ ವಿಚಿತ್ರ. ಶಾಲೆಗೆ ಹೋದೆ ಎಂಬಲ್ಲಿ ಟು ಬೇಕು, ಹತ್ತು ಗಂಟೆಗೆ ಎಂಬಲ್ಲಿ ಅಟ್ ಬೇಕು, ಮನೆಗೆ ಹೋದೆ ಎಂಬಲ್ಲಿ ಏನೂ ಬೇಡ. ‘ಗೋ ಟು ಹೋಮ್’ ಎನ್ನುವ ಮಗು ಶಾಲೆಗೆ ಸರಿಹೋದದ್ದನ್ನೇ ಮನೆಗೂ ಬಳಸಿದೆ. ‘ಅವನಿಗೆ ಕೇಳ್ರಿ’ ಎನ್ನುವ ಊರಿನ ಮಗು ‘ಆಸ್ಕ್ ಟು ಹಿಮ್’ ಎನ್ನುವುದರಲ್ಲೂ ಇದೇ ತರ್ಕವಿದೆ.

ಆದ್ದರಿಂದ ‘ಇನ್ ಎಂದರೆ ಅಲ್ಲಿ, ಟು ಎಂದರೆ ಗೆ, ಫ್ರಮ್ ಎಂದರೆ ಇಂದ’ ಎಂದು ಕಪ್ಪುಹಲಗೆಯ ಮೇಲೆ ಎರಡು ಸಾಲಿನ ಪಟ್ಟಿ ಬರೆದು ಬಾಯಿಪಾಠ ಮಾಡಿಸಿದರೆ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು. ಇನ್ನೊಂದು ಮಾತು: ಪ್ರಿಪೊಸಿಷನ್ನಿಗೆ ‘ಉಪಸರ್ಗ’ ಎಂಬ ಹೆಸರನ್ನು ನಾನು ಬಳಸುತ್ತಿಲ್ಲ. ಕನ್ನಡ ತರಗತಿಯಲ್ಲಿ ಪ್ರಹಾರ, ವಿಹಾರ ಎಂಬಲ್ಲಿನ ‘ಪ್ರ’, ‘ವಿ’ಗಳನ್ನು ಉಪಸರ್ಗ ಎಂದು ಕಲಿತ ಮಕ್ಕಳಿಗೆ ಅದು ಗೊಂದಲ ತರುತ್ತದೆ.

ಅಕ್ಕನ ಸ್ಪ್ಯಾನಿಷ್ ಪುಸ್ತಕ

ಈ ಯೋಚನೆಯಲ್ಲಿದ್ದಾಗಲೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮಕ್ಕ ರಜೆಗೆ ಮನೆಗೆ ಬಂದಳು. ವಿದೇಶಿ ಗ್ರಾಹಕರ ಕೆಲಸಕ್ಕಾಗಿ ಸಂಜೆ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಅವಳ ನೋಟ್ಸ್ ಪುಸ್ತಕದಲ್ಲೂ ಪ್ರಿಪೊಸಿಷನ್‌ಗಳ ಮೇಲೆಯೇ ಕೆಂಪು ಗುರುತು!

ಸ್ಪ್ಯಾನಿಷಿನಲ್ಲೂ ಪ್ರಿಪೊಸಿಷನ್ ನಾಮಪದದ ಮುಂದೆ ಬರುತ್ತದೆ. ಆದರೆ ಅರ್ಥದ ಹಂಚಿಕೆ ಇಂಗ್ಲಿಷಿನಂತಿಲ್ಲ. ಅಲ್ಲಿನ ‘ಎನ್’ ಎಂಬ ಒಂದೇ ಪದ ಇಂಗ್ಲಿಷಿನ ಇನ್, ಆನ್, ಅಟ್ ಮೂರರ ಬಹುಪಾಲು ಕೆಲಸ ಮಾಡುತ್ತದೆ, ಹೆಚ್ಚುಕಡಿಮೆ ನಮ್ಮ ‘ಅಲ್ಲಿ’ಯಂತೆ. ಬಸ್ಸಿನಲ್ಲಿ ಪ್ರಯಾಣ ಮಾಡುವುದಕ್ಕೂ ‘ಎನ್’. ‘ನನಗೆ ಕಾಫಿ ಇಷ್ಟ’ ಎಂಬುದಕ್ಕೆ ಅವರು ‘ಮೆ ಗುಸ್ತಾ ಎಲ್ ಕಫೆ’ ಎನ್ನುತ್ತಾರೆ. ಅಲ್ಲಿಯೂ ಇಷ್ಟಪಡುವವರು ‘ನಾನು’ ಅಲ್ಲ, ‘ನನಗೆ’. ಇಂಗ್ಲಿಷಿನಲ್ಲಿ ಮಾತ್ರ ‘ಐ’. ಇನ್ನೊಂದು ಹೋಲಿಕೆ: ‘ಪೆನ್ನು ಹುಡುಕುತ್ತಿದ್ದೇನೆ’ ಎನ್ನುವಾಗ ನಾವು ‘ಅನ್ನು’ ಬಿಡಬಹುದು, ‘ಟೀಚರನ್ನು ಹುಡುಕುತ್ತಿದ್ದೇನೆ’ ಎನ್ನುವಾಗ ಬಿಡುವುದಿಲ್ಲ. ಸ್ಪ್ಯಾನಿಷಿನಲ್ಲೂ ಗೊತ್ತಿರುವ ಒಬ್ಬ ವ್ಯಕ್ತಿ ಕರ್ಮವಾದಾಗ ಅದರ ಮುಂದೆ ‘ಆ’ ಎಂಬ ಪ್ರಿಪೊಸಿಷನ್ ಬರುತ್ತದೆ, ವಸುವಿಗೆ ಸಾಮಾನ್ಯವಾಗಿ ಬರುವುದಿಲ್ಲ.

ಅಕ್ಕ ಎಡವಿದ್ದು ಎಲ್ಲಿ? ‘ಕನಸು ಕಾಣು’ ಎಂಬಲ್ಲಿ. ಇಂಗ್ಲಿಷಿನ ‘ಡ್ರೀಮ್ ಆಫ್’ ನೆನಪಿಟ್ಟುಕೊಂಡು ‘ದೆ’ ಬರೆದಿದ್ದಳು. ಸ್ಪ್ಯಾನಿಷಿನಲ್ಲಿ ಅದು ‘ಕೊನ್’, ಅಂದರೆ ‘ಜೊತೆ’. ಹನ್ನೆರಡನ್ನು ಮೂರರಿಂದ ಭಾಗಿಸುವುದಕ್ಕೆ ಅವರು ‘12 ಎಂತ್ರೆ 3’ ಎನ್ನುವುದುಂಟು, ‘ಎಂತ್ರೆ’ ಎಂದರೆ ‘ನಡುವೆ’. ಒಂದೇ ಭಾಗಾಕಾರಕ್ಕೆ ಕನ್ನಡದಲ್ಲಿ ‘ಇಂದ’, ಇಂಗ್ಲಿಷಿನಲ್ಲಿ ‘ಬೈ’, ಸ್ಪ್ಯಾನಿಷಿನಲ್ಲಿ ‘ನಡುವೆ’.

“ಇಷ್ಟು ಓದಿದ ನಾನೇ ಇಂಗ್ಲಿಷನ್ನ ಹಿಡ್ಕೊಂಡು ಸ್ಪ್ಯಾನಿಷ್‌ಗೆ ಹೋಗಿ ಬಿದ್ದೆ. ನಿನ್ನ ಮಕ್ಕಳು ಕನ್ನಡ ಹಿಡ್ಕೊಂಡು ಇಂಗ್ಲಿಷ್‌ಗೆ ಹೋಗ್ತಾರೆ, ಅಷ್ಟೇ” ಎಂದಳು ಅಕ್ಕ. ಅವಳ ಪುಸ್ತಕದಲ್ಲಿ ಯಾರೂ ‘ಅಜಾಗರೂಕತೆ’ ಎಂದು ಬರೆದಿರಲಿಲ್ಲ.

ತರಗತಿಯಲ್ಲಿ ಮಾಡಿದ್ದು

ಮರುವಾರ ಎರಡು ಅವಧಿಗಳನ್ನು ಪರಿಹಾರ ಬೋಧನೆಗೆ ಇಟ್ಟುಕೊಂಡೆ. ಕ್ರಮ ಹೀಗಿತ್ತು.

1. ಡಬ್ಬಿ ಹಾಕುವುದು. ವಾಕ್ಯದಲ್ಲಿ ಪ್ರಿಪೊಸಿಷನ್ ಕಂಡ ಕೂಡಲೇ ಅದನ್ನೂ ಅದರ ಮುಂದೆ ಬರುವ ಸಂಖ್ಯೆಯನ್ನೂ ಸೇರಿಸಿ ಪೆನ್ಸಿಲಿನಿಂದ ಒಂದು ಡಬ್ಬಿ ಹಾಕಬೇಕು: ಸಬ್‌ಟ್ರ್ಯಾಕ್ಟ್ 5 [ಫ್ರಮ್ 8].

2. ಮನೆಮಾತಿನಲ್ಲಿ ಹೇಳುವುದು. ಡಬ್ಬಿಯೊಳಗಿನದನ್ನು ಮೊದಲು ಹೇಳಬೇಕು: ಎಂಟರಿಂದ ಐದು ಕಳೆ. ಉರ್ದು ಮಕ್ಕಳು ‘ಆಠ್ ಮೇಂ ಸೆ’ ಎಂದರು. ಆಮೇಲೆ 8 − 5 ಎಂದು ಬರೆಯಬೇಕು.

3. ಜೋಡಿ ವಾಕ್ಯಗಳು. ‘ಸಬ್‌ಟ್ರ್ಯಾಕ್ಟ್ 5 ಫ್ರಮ್ 8’, ‘ಸಬ್‌ಟ್ರ್ಯಾಕ್ಟ್ 8 ಫ್ರಮ್ 5’, ‘ಫ್ರಮ್ 8 ಸಬ್‌ಟ್ರ್ಯಾಕ್ಟ್ 5’. ಮೂರರಲ್ಲಿ ಯಾವ ಎರಡು ಒಂದೇ ಎಂದು ಮಕ್ಕಳೇ ವಾದಿಸಲಿ.

4. ಉಷ್ಣತಾಮಾಪಕ. ಗೆರೆ ಎಳೆದು 30ರಲ್ಲಿ ಗುರುತು ಹಾಕಿದೆ. ‘10 ಡಿಗ್ರಿ ಏರಿತು’ ಎಂದರೆ ‘ರೋಸ್ ಬೈ 10’, ‘40 ಡಿಗ್ರಿಗೆ ಏರಿತು’ ಎಂದರೆ ‘ರೋಸ್ ಟು 40’. ಇಲ್ಲಿ ಕನ್ನಡದ ‘ಗೆ’ ನೇರವಾಗಿ ನೆರವಾಯಿತು. ವಿಜ್ಞಾನದ ಪಾಠಕ್ಕೂ ಇದು ಬೇಕು.

5. ಸ್ಥಳಕ್ಕೆ ವಸ್ತು. ಇನ್, ಆನ್, ಅಟ್‌ಗಳಿಗೆ ‘ಅಲ್ಲಿ’ಯ ಬದಲು ಒಳಗೆ, ಮೇಲೆ, ಬಳಿ ಎಂಬ ಪದಗಳನ್ನು ಬಳಸಿದೆ. ಊಟದ ಡಬ್ಬಿಯ ಒಳಗೆ, ಬೆಂಚಿನ ಮೇಲೆ, ಗೇಟಿನ ಬಳಿ. ‘ಆನ್ ದ ಬಸ್’, ‘ಅಟ್ 10 ಓ’ಕ್ಲಾಕ್’ನಂಥವನ್ನು ಪೂರ್ತಿ ಪದಪುಂಜವಾಗಿಯೇ ಕಲಿಸಿದೆ.

ಮುಂದಿನ ಕಿರುಪರೀಕ್ಷೆಯಲ್ಲಿ ಹೆಚ್ಚಿನ ಮಕ್ಕಳು ‘ಫ್ರಮ್’ ಲೆಕ್ಕಗಳನ್ನು ಸರಿಯಾಗಿ ಮಾಡಿದರು. ‘ಸಬ್‌ಟ್ರ್ಯಾಕ್ಟ್ ದ ಸಮ್ ಆಫ್ 5 ಆ್ಯಂಡ್ 2 ಫ್ರಮ್ 10’ ಎಂಬಂಥ ಉದ್ದದ ವಾಕ್ಯದಲ್ಲಿ ಇನ್ನೂ ತಡಕಾಡುತ್ತಾರೆ. ಎರಡು ಡಬ್ಬಿ ಬೇಕೆಂದು ಕೆಲವರಿಗಷ್ಟೇ ಹೊಳೆಯಿತು. ಇದಕ್ಕೆ ಎರಡು ಅವಧಿ ಸಾಲದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಗಣಿತ, ವಿಜ್ಞಾನದ ಪಾಠಯೋಜನೆ ಬರೆಯುವಾಗ ಆ ಪಾಠದ ಪ್ರಿಪೊಸಿಷನ್‌ಗಳನ್ನು ಒಂದು ಸಾಲಿನಲ್ಲಿ ಪಟ್ಟಿ ಮಾಡಿಕೊಳ್ಳಿ. ನಾವು ಮಾತಿನಲ್ಲಿ ‘5 ಇಂಟು 3’ ಎಂದು ಗುಣಾಕಾರಕ್ಕೆ ಹೇಳುತ್ತೇವೆ, ಆದರೆ ‘ಡಿವೈಡ್ 3 ಇಂಟು 12’ ಎಂಬುದು ಭಾಗಾಕಾರ. ಇಂಥವನ್ನು ಮೊದಲೇ ಗುರುತಿಸಿಕೊಂಡರೆ ಒಳ್ಳೆಯದು. ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಂಡರೆ ಅದರ ಹಿಂದೆ ನಿಯಮವಿರುತ್ತದೆ. ಅಂಕ ಕಳೆಯುವ ಮೊದಲು ಮಗುವನ್ನು ಕರೆದು, ವಾಕ್ಯವನ್ನು ಅದರ ಮಾತಿನಲ್ಲಿ ಹೇಳಿಸಿ. ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಮನೆಮಾತು ಆಡಬಾರದೆಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದ್ದರೆ ‘ಐದರಿಂದ ಎಂಟು’ ಎಂಬ ಆ ಮಾತು ನನಗೆ ಕೇಳಿಸುತ್ತಲೇ ಇರಲಿಲ್ಲ.

ಇಂಟರ್ನ್‌ಷಿಪ್ ಮುಗಿಯುವ ಮೊದಲು ಆ ಹುಡುಗಿಯ ಪುಸ್ತಕ ತರಿಸಿಕೊಂಡು ‘ಅಜಾಗರೂಕತೆ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಲೆಕ್ಕ ಸರಿ, ಡಬ್ಬಿ ಹಾಕು’ ಎಂದು ಬರೆದೆ. ಅವಳು ಓದಿ ಕೇಳಿದಳು: “ಹಂಗಾದ್ರ ಮಾರ್ಕ್ಸ್ ಕೊಡ್ತೀರೇನ್ರಿ, ಮಿಸ್?” ಅಂಕಪಟ್ಟಿ ಆಗಲೇ ಕಚೇರಿಗೆ ಹೋಗಿತ್ತು. ಮುಂದಿನ ಬ್ಯಾಚಿನವರು ಅಂಕಪಟ್ಟಿ ಕಳಿಸುವ ಮೊದಲೇ ಇದನ್ನು ಓದಲಿ ಎಂಬ ಆಸೆಯಿಂದ ಈ ಲೇಖನ ಬರೆದಿದ್ದೇನೆ.