ತೋಟದ ಪಂಪಿಗೆ ಯಾವ ಬೋರ್ಡು?

ಅಡಿಕೆ ತೋಟದ ಪಂಪ್ ಶೆಡ್ಡಿನಲ್ಲಿ ಇಡಲು, ಪುಟ್ಟ ಕಂಪ್ಯೂಟರ್ ಬೋರ್ಡುಗಳಲ್ಲಿ ರಾಸ್ಪ್‌ಬೆರಿ ಪೈ ಒಳ್ಳೆಯದೋ ಬೀಗಲ್‌ಬೋನ್ ಬ್ಲ್ಯಾಕ್ ಒಳ್ಳೆಯದೋ ಎಂದು ನರಿಮೊಗರಿನ ಓದುಗರೊಬ್ಬರು ಕೇಳಿದ್ದಾರೆ. ವೇಗದ ಲೆಕ್ಕ ಹಿಡಿದರೆ ಪೈ ಯಾವತ್ತೋ ಗೆದ್ದಾಗಿದೆ. 2019ರ ಪೈ 4ಕ್ಕೆ 1.5 ಗಿಗಾಹರ್ಟ್ಸ್‌ನ ನಾಲ್ಕು ಕೋರ್. 2013ರ ಬ್ಲ್ಯಾಕ್‌ಗೆ 1 ಗಿಗಾಹರ್ಟ್ಸ್‌ನ ಒಂದೇ ಕೋರ್, 512 ಎಂಬಿ ರ್‍ಯಾಮ್. ಆದರೆ ಬೇಸಗೆ ಮುಗಿಯುತ್ತಾ ಗುಡುಗು ಶುರುವಾಗುವ ಪುತ್ತೂರು ಸೀಮೆಯಲ್ಲಿ ಮೊದಲು ಕೇಳಬೇಕಾದ್ದು, ಕರೆಂಟು ಹೋದರೆ ಗತಿಯೇನು ಎಂದು.

ಎರಡರ ಚಿಪ್ಪಿನ ಕುಲವೂ ಒಂದೇ, ಆರ್ಮ್. 1985ರ ಏಪ್ರಿಲ್ 26ರಂದು ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮೊದಲ ಆರ್ಮ್ ಚಿಪ್ಪನ್ನು ಚಾಲೂ ಮಾಡಿದರು. ಅದು ಎಷ್ಟು ಕರೆಂಟು ಎಳೆಯುತ್ತದೆಂದು ಫರ್ಬರ್ ಅಳೆಯಹೋದರೆ ಮೀಟರ್ ತೋರಿಸಿದ್ದು ಸೊನ್ನೆ! ನೋಡಿದರೆ ಚಿಪ್ಪಿಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಸಂಕೇತದ ತಂತಿಗಳಿಂದ ಸೋರಿ ಬಂದ ಅಷ್ಟಿಷ್ಟರಲ್ಲೇ ಅದು ಲೆಕ್ಕ ಮಾಡುತ್ತಿತ್ತು. ಇವತ್ತು ನಮ್ಮ ಜೇಬಿನ ಮೊಬೈಲು ದಿನವಿಡೀ ಬಾಳುವುದಕ್ಕೆ ಈ ಮಿತಾಹಾರವೂ ಒಂದು ಕಾರಣ. ಅದೇ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಬಳಗ ಶಾಲೆಯ ಮಕ್ಕಳಿಗೆಂದು ರೂಪಿಸಿದ ಪೈ 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂತು. ಬೀಗಲ್ ಹುಟ್ಟಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಜಿನಿಯರುಗಳ ಕೈಯಲ್ಲಿ. ಎಂಜಿನಿಯರುಗಳ ಆ ಗುಣ ಅದನ್ನು ಇನ್ನೂ ಬಿಟ್ಟಿಲ್ಲ.

ಪೈ ಸಾಮಾನ್ಯವಾಗಿ ಓಡುವುದು ಮೈಕ್ರೋ ಎಸ್‌ಡಿ ಕಾರ್ಡಿನಿಂದ. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳು ಕೆಟ್ಟು, ಮರುದಿನ ಬೋರ್ಡು ಏಳದೆಯೇ ಇರಬಹುದು. ಬ್ಲ್ಯಾಕ್‌ನಲ್ಲಿ ಸ್ಮರಣೆ ಬೋರ್ಡಿಗೇ ಬೆಸುಗೆಯಾಗಿದೆ. ಅದಕ್ಕೂ ಅಪಾಯ ಇಲ್ಲವೆಂದಲ್ಲ. ಆದರೆ ಲಿಥಿಯಂ ಬ್ಯಾಟರಿ ಜೋಡಿಸಲು ಜಾಗ, ಸರಿಯಾಗಿ ಮಲಗಿಸಲು ಗುಂಡಿ, ಎರಡೂ ಅದರಲ್ಲಿವೆ. ಮಣ್ಣಿನ ತೇವ ಅಳೆಯುವ ಸೆನ್ಸರುಗಳ ವೋಲ್ಟೇಜನ್ನು ಓದಲು ಏಳು ಅನಲಾಗ್ ಪಿನ್‌ಗಳೂ ಇವೆ. ಪೈಗಾದರೆ ಬೇರೆ ಚಿಪ್ ಬೇಕು. ಒಂದು ಎಚ್ಚರಿಕೆ: ಆ ಪಿನ್‌ಗಳು ತಾಳುವುದು 1.8 ವೋಲ್ಟ್ ಮಾತ್ರ. 3.3 ವೋಲ್ಟ್ ಕೊಟ್ಟರೆ ಬೋರ್ಡು ಸುಟ್ಟೀತು.

ಬ್ಲ್ಯಾಕ್‌ನ ನಿಜವಾದ ಹೆಚ್ಚುಗಾರಿಕೆ ಪಿಆರ್‌ಯು ಎಂಬ ಎರಡು ಪುಟ್ಟ ಪ್ರೊಸೆಸರುಗಳು. ಈ ಬೋರ್ಡುಗಳನ್ನು ನಡೆಸುವ ಲಿನಕ್ಸ್ ಎಂದರೆ ಜಾತ್ರೆಯ ಊಟಕ್ಕೆ ಬಡಿಸುವವನ ಹಾಗೆ: ನಿಮ್ಮ ಎಲೆಗೂ ಸಾರು ಬರುತ್ತದೆ, ಯಾವ ಗಳಿಗೆಗೆ ಎಂದು ಹೇಳಲಾಗದು. ಪಿಆರ್‌ಯು ಒಂದೇ ಎಲೆಯ ಮುಂದೆ ಸೌಟು ಹಿಡಿದು ನಿಂತವನು. 200 ಮೆಗಾಹರ್ಟ್ಸ್‌ನಲ್ಲಿ, 5 ನ್ಯಾನೊಸೆಕೆಂಡಿಗೊಂದು ಹೆಜ್ಜೆ. ಮನೆಯಲ್ಲೇ ಸಿಎನ್‌ಸಿ ಯಂತ್ರ ಕಟ್ಟುವವರಿಗೆ ಇದು ವರ. ಗಂಟೆಗಟ್ಟಲೆ ಓಡುವ ಸ್ಪ್ರಿಂಕ್ಲರಿಗೆ ಇದರ ಉಪಯೋಗ ಏನೂ ಇಲ್ಲ.

‘ಸ್ಮಾರ್ಟ್ ಕೃಷಿ’ಯ ಜಾಹೀರಾತು ನೋಡಿ ಹಣ ಸುರಿಯುವ ಮೊದಲು ಇದನ್ನು ಯೋಚಿಸಿ. ಬರೀ ತೇವ ನೋಡಿ ಪಂಪ್ ಆನ್-ಆಫ್ ಮಾಡುವುದಾದರೆ ಎರಡೂ ಬೇಡ. ಪೈಯವರೇ 2021ರಲ್ಲಿ ತಂದ 4 ಡಾಲರಿನ ಪಿಕೋ ಸಾಕು. ಅದಕ್ಕೆ ಲಿನಕ್ಸೂ ಇಲ್ಲ, ಕಾರ್ಡೂ ಇಲ್ಲ, ಕರೆಂಟು ಬಂದ ಕೂಡಲೇ ಕೆಲಸಕ್ಕೆ ನಿಲ್ಲುತ್ತದೆ. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಕ್ಯಾಮೆರಾದಲ್ಲಿ ಗುರುತಿಸುವ ಆಸೆಯಿದ್ದರೆ ಪೈ ಕೊಳ್ಳಿ, ಜತೆಗೊಂದು ಸಣ್ಣ ಯುಪಿಎಸ್ ಕೂಡ. ಯಾವುದನ್ನಿಟ್ಟರೂ ತ್ರೀ ಫೇಸ್ ಸ್ಟಾರ್ಟರಿಗೆ ನೇರ ಜೋಡಿಸಬೇಡಿ. ನಡುವೆ ರಿಲೇ ಇರಲಿ, ಆ ವೈರಿಂಗ್ ತಿಳಿದ ಎಲೆಕ್ಟ್ರಿಷಿಯನ್ನೇ ಮಾಡಲಿ.